ಚುಕ್ಕೆ ಇಲ್ಲದ ನಡೆಗಳು

ಆಯ್ವಾಲಿಕ್
೯ ಜೂನ್ ೧೯೮೮

ಗ್ಯುಲ್ಟೆನ್ ಅಕ್ಕನಿಗೆ, ತಂಗಿ ಪೆರಿಹಾನ್ ಕೈಗೆ ಮುತ್ತಿಟ್ಟು ಬರೆಯುವುದು.

ಮಂಗಳವಾರ ಅಪ್ಪನನ್ನು ಅಂಕಾರಾದ ವೃದ್ಧಾಶ್ರಮಕ್ಕೆ ಕರೆದೊಯ್ಯಲು ನೀನು ಹೊರಡುವ ಮೊದಲೇ ಈ ಕಾಗದ ಕೈ ಸೇರಲಿ. ಪೂರ್ತಿ ಓದು, ಅರ್ಧಕ್ಕೇ ರೇಗಬೇಡ.

ಲಕ್ವ ಹೊಡೆದ ಮೇಲೆ ಅಪ್ಪನ ತಲೆಯಲ್ಲಿ ಏನೂ ಉಳಿದಿಲ್ಲ, ದಾಳ ಹಾಕಿ ಕಾಯಿ ನಡೆಸುವ ತಾವ್ಲಾ ಆಟವೂ ಬರೀ ಕೈಯ ರೂಢಿ ಎಂದು ಡಾಕ್ಟರು ಬರೆದುಕೊಟ್ಟರಲ್ಲ, ಅದು ನಿಜವೇ ಎಂದು ನೋಡಬೇಕಿತ್ತು. ಅದಕ್ಕೇ ಫೆಬ್ರವರಿಯಿಂದ ಕ್ಷೌರದ ಇಹ್ಸಾನ್ ಮಾಮನ ಅಂಗಡಿ ಮುಂದೆ ಕೂತು ಅವರಿಬ್ಬರ ಆಟ ಬರೆದುಕೊಳ್ಳತೊಡಗಿದೆ.

ಇಪ್ಪತ್ತು ವರ್ಷ ಸಭೆಗಳಲ್ಲಿ ಶೀಘ್ರಲಿಪಿ ಬರೆದವಳು ನಾನು, ಈ ಮುದುಕರ ಮುಂದೆ ಸೋತೆ! ದಾಳ ಬಿದ್ದು "ಶೆಶ್-ಬೆಶ್" ಅನ್ನುವಷ್ಟರಲ್ಲಿ ಕಾಯಿ ಆರೂ ಐದೂ ಮನೆ ದಾಟಿರುತ್ತದೆ. ಯಾವ ಮನೆಯಿಂದ ಯಾವ ಮನೆಗೆ ಎಂದು ಬರೆಯುತ್ತ ಕೂತರೆ ಮೂರು ನಡೆ ತಪ್ಪಿಹೋಗುತ್ತಿತ್ತು. ಮನೆಗೊಂದು ಗೀಟು, ಕೊಕ್ಕೆ ಗೊತ್ತುಮಾಡಿಕೊಂಡೆ, ಸಾಲಲಿಲ್ಲ. ಕೊನೆಗೆ ಹೊಳೆಯಿತು: ಯಾರ ಕೈಯಾದರೂ ಆಡುವಂಥ ನಡೆಗೆ ಒಂದು ಚುಕ್ಕೆ ಸಾಕು. ರೂಢಿ ಬಿಟ್ಟ ನಡೆಯನ್ನು ಮಾತ್ರ ಬಿಡಿಸಿ ಬರೆದರಾಯಿತು.

ಮೊದಲ ತಿಂಗಳು ಅಪ್ಪನ ಸಾಲೆಲ್ಲ ಚುಕ್ಕೆಯೇ. ಒಂಟಿ ಕಾಯಿ ಕಂಡರೆ ಹೊಡೆದೇಬಿಡುವುದು, ಎಲ್ಲರೂ ಮಾಡುವಂತೆ. ಡಾಕ್ಟರು ಹೇಳಿದ್ದೇ ಸರಿಯೆಂದುಕೊಂಡೆ.

ಮಾರ್ಚ್‌ನಲ್ಲಿ ಇಹ್ಸಾನ್ ಮಾಮನ ಹೆಂಡತಿ ಮ್ಯುರ್ವೆತ್ ತೀರಿಕೊಂಡರು. ಅಪ್ಪನಿಗೆ ಮೂರು ಸಲ ಹೇಳಿದೆ. ಮೂರು ಸಲವೂ "ಯಾರಮ್ಮಾ ಅದು?" ಅಂದರು. ಆಮೇಲೆ ಅಪ್ಪನಿಗೆ ದಿನಾ ಸೋಲು. ಸೋತವರು ಆಟದ ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಹೋಗಬೇಕಲ್ಲ, "ಏನ್ ಸುಂಕದ ಸಾಹೇಬ್ರೇ, ಇವತ್ತೂ ಹೊತ್ಕೊಂಡ್ ನಡೀರಿ! ಮನೇಲಿ ಚೆನ್ನಾಗಿ ಕಲ್ತು ಬನ್ನಿ!" ಎಂದು ಅಪ್ಪನ ಹಳೇ ಸುಂಕದ ಕೆಲಸ ಎತ್ತಿ ಮಾಮ ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಹೋದ ತಿಂಗಳು ನೀನು ಬಂದಾಗ ಅದನ್ನು ಕಂಡೇ ಅಲ್ಲವೇ, "ಇದೂ ಮರ್ತೋಯ್ತಲ್ಲೇ, ಇನ್ನೇನುಳೀತು" ಎಂದು ಅತ್ತಿದ್ದು?

ನಿನ್ನೆ ಆಟ ಬರೆದ ಪುಸ್ತಕ ಹರಡಿಕೊಂಡು ಕೂತೆ. ಆ ಸಾವಿನ ನಂತರ ಎಪ್ಪತ್ತೆರಡು ಆಟ. ಅಪ್ಪನ ಸಾಲಿನಲ್ಲಿ ಚುಕ್ಕೆ ಇಲ್ಲದ ನಡೆ ತೊಂಬತ್ತಮೂರು. ಒಂದೊಂದನ್ನೂ ಹಲಗೆಯ ಮೇಲೆ ಇಟ್ಟು ನೋಡಿದೆ. ಅಕ್ಕಾ, ತೊಂಬತ್ತಮೂರೂ ಮಾಮನ ಕಾಯಿಯನ್ನು ಹೊಡೆಯದೆ ಬಿಟ್ಟ ನಡೆಗಳು. ಅದೂ ಎಷ್ಟು ನಯವಾಗಿ! ಗೆಳೆಯನಿಗೆ ಗುಮಾನಿ ಬರದಂತೆ ಅರ್ಧ ಆಟ ತಾವೇ ಮುಂದಿರುತ್ತಾರೆ, ಆಮೇಲೆ ಒಂದೇ ಒಂದು ಕಾಯಿಯಲ್ಲಿ ಸೋಲುತ್ತಾರೆ. ನನ್ನ ಹೆಸರೇ ನೆನಪಿಲ್ಲದವರು, ಗೆಳೆಯನ ದುಃಖವನ್ನು ಇಷ್ಟು ದಿನ ಲೆಕ್ಕ ತಪ್ಪದೆ ನೆನಪಿಟ್ಟುಕೊಂಡು ಆಡಿದ್ದಾರೆ. ಇಂಥವರ ಮಕ್ಕಳು ನಾವು.

ಮಾಮನಿಗೆ ಹೇಳಿಲ್ಲ. ನೀನೂ ಹೇಳಬೇಡ, ಆ ಮನುಷ್ಯ ದಿನದಲ್ಲಿ ನಗುವುದು ಗೆದ್ದಾಗ ಮಾತ್ರ.

ಅಪ್ಪನನ್ನು ಇಲ್ಲಿಂದ ಎಬ್ಬಿಸಬೇಡ ಕಣೇ. ನಾನು ನೋಡಿಕೊಳ್ಳುತ್ತೇನೆ.

ನಿನ್ನ
ಪೆರಿಹಾನ್

ತಾ.ಕ.: ಡಾಕ್ಟರು ತಾವಾಗಿ ಹಾಗೆ ಬರೆಯಲಿಲ್ಲ. ನನಗೆ ಸಾಕುಸಾಕಾಗಿತ್ತು, ನೀನು ಕರೆದುಕೊಂಡು ಹೋದರೆ ಸಾಕೆಂದು ನಾನೇ ಕಾಡಿ ಬೇಡಿ ಬರೆಸಿದೆ. ಅಪ್ಪನಿಗೆ ಏನು ಅರ್ಥವಾಗುತ್ತದೆ ಎಂದುಕೊಂಡು ಅವರೆದುರೇ ಡಾಕ್ಟರಿಗೆ ಎಲ್ಲ ಹೇಳಿದೆ. ಅಷ್ಟು ಹೊತ್ತೂ ಅಪ್ಪ ನನ್ನ ಕೈ ಹಿಡಿದುಕೊಂಡೇ ಕೂತಿದ್ದರು.