ಕಾವಲಿಗೆ ಒಬ್ಬರು

ಸಲಾತಿಗ
ಭಾನುವಾರ

ಅತ್ತೆಯವರಿಗೆ ಮುರ್ನಿಯ ವಂದನೆಗಳು.

ಆಸ್ಪತ್ರೆಯಲ್ಲಿ ನಿಮ್ಮ ಮೊಮ್ಮಗಳು ಪಿನಾಸ್ತಿಯ ತಲೆಯ ಹೊಲಿಗೆ ಬಿಚ್ಚಿದರು. ಬಲಗಿವಿಯ ಮೇಲೆ ಬೋಳಿಸಿದ ಜಾಗದಲ್ಲಿ ಕೂದಲು ಬರುತ್ತಿದೆ. ಆಪರೇಷನ್ ಆದಮೇಲೆ ಒಂದು ಸಲವೂ ಫಿಟ್ಸ್ ಬಂದಿಲ್ಲ. ಆದರೂ ಸದ್ಯಕ್ಕೆ ಮಾತ್ರೆ ಬಿಡುವ ಹಾಗಿಲ್ಲ ಎಂದಿದ್ದಾರೆ ಡಾಕ್ಟರು.

"ಮಗೂ ತಲೆ ಏನು ತೆಂಗಿನಕಾಯಿನಾ, ಒಡೆದು ನೋಡೋಕೆ?" ಎಂದು ಕೇಳಿ ನೀವು ಊರಿಗೆ ಹೊರಟುಹೋದಿರಿ. ಅದಕ್ಕೆ ಉತ್ತರ ಈಗ ಬರೆಯುತ್ತಿದ್ದೇನೆ. ಒಂದು ಮಾತ್ರೆಗೆ ಅವಳ ವಸಡು ಊದಿತು, ಇನ್ನೊಂದಕ್ಕೆ ತರಗತಿಯಲ್ಲೇ ತೂಕಡಿಸುತ್ತಿದ್ದಳು. ಫಿಟ್ಸ್ ಮಾತ್ರ ನಿಲ್ಲಲಿಲ್ಲ. ನನಗೆ ಬೇರೆ ದಾರಿ ಇರಲಿಲ್ಲ.

ಈಗಲೂ ನಾನು ಅವಳ ಮುಖವನ್ನೇ ನೋಡುತ್ತಾ ಕೂರುತ್ತೇನೆ. "ಅಮ್ಮಾ, ನಾನೇನು ಟೀವಿನಾ?" ಅನ್ನುತ್ತಾಳೆ. ನಿನ್ನೆ ಮೊದಲ ಸಲ ಬಚ್ಚಲಿನ ಚಿಲಕ ಹಾಕಿಕೊಂಡು ಸ್ನಾನಕ್ಕೆ ಹೋದಳು. ಒಳಗೆ ನೀರು ತುಂಬಿದ ತೊಟ್ಟಿ ಇದೆಯಲ್ಲ, ನೀರಿನ ಸದ್ದು ನಿಂತ ಕೂಡಲೇ ನಾನು ಎರಡೂ ಕೈಯಿಂದ ಬಾಗಿಲು ಬಡಿದೆ. ಮೈತುಂಬ ಸೋಪಿನ ನೊರೆಯಲ್ಲೇ ಬಾಗಿಲು ತೆರೆದು, "ನಂಗೇನೂ ಆಗಿಲ್ಲ. ನೀನು ಹೋಗಿ ಮಲ್ಕೊ," ಎಂದಳು.

ಮಲಗಿದೆ, ಕಣ್ಣು ಮುಚ್ಚಲಿಲ್ಲ. ನಿಮ್ಮ ಮಗನನ್ನು ಕಾವಲಿಗೆ ಕೂರಿಸಿದರೆ ಮೊದಲು ಅವರೇ ಗೊರಕೆ ಹೊಡೆಯುತ್ತಾರೆ.

ನೀವು ಇಲ್ಲಿದ್ದಾಗ ಮಾತ್ರ ನನಗೆ ನಿದ್ದೆ ಬರುತ್ತಿತ್ತು. ದಯವಿಟ್ಟು ಬನ್ನಿ. ಕೋಪವಿದ್ದರೆ ನನ್ನ ಜೊತೆ ಮಾತಾಡಬೇಡಿ. ಅವಳ ಪಕ್ಕದಲ್ಲಿ ಕೂತಿರಿ, ಸಾಕು. ನಾನು ಸ್ವಲ್ಪ ಮಲಗುತ್ತೇನೆ.

ನಿಮ್ಮ ಸೊಸೆ,
ಮುರ್ನಿ