ಕೆಂಪು ನೀರಿನ ಸಮಾಚಾರ

ನಮ್ಮ ಮನೆ, ಅಡುಗೆಮನೆಯ ಮೇಜು
ಮಾರ್ಚ್ ೧೪, ಭಾನುವಾರ

ನನ್ನ ಪ್ರೀತಿಯ ಅಡುಗೆಭಟ್ಟರಿಗೆ,

ಹೇಗಿದ್ದೀರಿ? ಒಲೆಯ ಮುಂದೆ ನಿಂತು ನಿಂತು ಊದಿಕೊಂಡಿದ್ದ ಕಾಲು ಇಳಿಯಿತೇ? ಹಡಗು ಓಲಾಡಿ ಒಂದು ಪಾತ್ರೆ ಸೂಪು ನಿಮ್ಮ ಎಡಗೈ ಮೇಲೆ ಚೆಲ್ಲಿತು ಎಂದು ಬರೆದಿದ್ದಿರಿ. ಅಲ್ಲಿನ ಚರ್ಮ ಈಗ ಹೇಗಿದೆ? ಮುಲಾಮು ಹಚ್ಚಿಕೊಳ್ಳುತ್ತಿದ್ದೀರೋ, ಅಥವಾ ಡಬ್ಬಿಯನ್ನು ನೋಡಿ ನೋಡಿಯೇ ವಾಸಿ ಮಾಡಿಕೊಳ್ಳುತ್ತಿದ್ದೀರೋ? ನಿಮ್ಮ ಸ್ವಭಾವ ನನಗೆ ಗೊತ್ತಿಲ್ಲವೇ! ಇಲ್ಲಿ ಅತ್ತೆ ಗಟ್ಟಿಯಾಗಿದ್ದಾರೆ. ಮಂಡಿನೋವು ಇದೆ, ಆದರೆ ಬಾಯಿಗೆ ಯಾವ ನೋವೂ ಇಲ್ಲ. ಕಿವಿ ಮಾತ್ರ ಇನ್ನೊಂದಿಷ್ಟು ಮಂದವಾಗಿ, ರೇಡಿಯೋ ಹಾಕಿದರೆ ಕೆಳಗಿನ ಮನೆಯ ದರ್ಜಿ ಹೊಲಿಗೆ ಯಂತ್ರ ನಿಲ್ಲಿಸಿ ವಾರ್ತೆ ಕೇಳುತ್ತಾನೆ. ತಮ್ಮ ಮಗ ಊರೂರು ತಿರುಗಿ ಯಾರ‍್ಯಾರಿಗೋ ಅಡುಗೆ ಮಾಡಿ ಹಾಕುತ್ತಾನೆ, ತಮಗೆ ಮಾತ್ರ ಸೊಸೆಯ ಕೈಯಡುಗೆಯೇ ಗತಿ ಎಂದು ಮನೆಗೆ ಬಂದವರೆಲ್ಲರ ಮುಂದೆ ಹೇಳುತ್ತಾರೆ. ಹಾಗೆಂದು ತಟ್ಟೆಯಲ್ಲಿ ಒಂದು ಅಗುಳೂ ಬಿಡುವುದಿಲ್ಲ.

ಇನ್ನು ನನ್ನ ಸಮಾಚಾರ. ಹೋದ ಎರಡು ಪತ್ರಗಳಲ್ಲಿ ಇದನ್ನು ಬರೆಯಲಿಲ್ಲವೆಂದು ಮುನಿಸಿಕೊಳ್ಳಬೇಡಿ. ಫೋನಿನಲ್ಲಿ ಹೇಳೋಣವೆಂದರೆ ನಿಮ್ಮ ಬೆನ್ನಿಗೆ ಅರ್ಧ ಹಡಗೇ ಸಾಲು ನಿಂತಿರುತ್ತದೆ. ನಾನು ಉಚ್ಚೆಯ ವಿಷಯ ಎತ್ತಿದರೆ ನೀವು "ಹಾಂ? ಏನು? ಜೋರಾಗಿ ಹೇಳು" ಎನ್ನುತ್ತೀರಿ. ನಾನು ಜೋರಾಗಿ ಹೇಳಬೇಕು, ಕ್ಯಾಪ್ಟನ್‌ವರೆಗೆ ಎಲ್ಲರೂ ಕೇಳಬೇಕು. ಅದಕ್ಕೇ ಪತ್ರ.

ಜನವರಿಯ ಒಂದು ಮಧ್ಯಾಹ್ನ ಬಂದರಿನ ಕ್ಯಾಂಟೀನಿನ ಹಿಂದಿನ ಹೆಂಗಸರ ಶೌಚಾಲಯದಲ್ಲಿ ನೋಡಿಕೊಂಡರೆ ಹೋದ ನೀರೆಲ್ಲ ಕೆಂಪು. ನೀವು ಬೀಟ್‌ರೂಟ್ ಬೇಯಿಸಿ ಬಸಿದ ನೀರಿನ ಬಣ್ಣ. ನೋವಿಲ್ಲ, ಉರಿಯಿಲ್ಲ, ಏನೂ ಇಲ್ಲ. ಮುಟ್ಟು ನಿಂತು ವರ್ಷ ದಾಟಿತ್ತಲ್ಲ, ಅದೇ ದಾರಿ ತಪ್ಪಿ ಮತ್ತೆ ಬಂದಿರಬೇಕು ಎಂದುಕೊಂಡೆ. ನಿಜ ಹೇಳಲೇ, ಒಳಗೊಳಗೇ ಸ್ವಲ್ಪ ಜಂಬವೂ ಆಯಿತು. ಮರುದಿನ ನೀರು ತಿಳಿಯಾಯಿತು, ಮರೆತೆ. ವಾರ ಕಳೆದು ಮತ್ತೆ ಅದೇ. ಈ ಸಲ ಅಂಗಡಿಯಿಂದ ಪ್ಯಾಡು ತಂದಿಟ್ಟೆ. ನಿಮ್ಮ ಅಮ್ಮನಿಗೆ ಕಿವಿ ಕೇಳಿಸದಿದ್ದರೇನು, ಕಣ್ಣು ಹದ್ದಿನದು. ಚೀಲದಲ್ಲಿ ಪೊಟ್ಟಣ ಕಂಡವರೇ, "ಏನೇ ಇದು, ಮುಚ್ಚಿದ ಅಂಗಡಿ ಮತ್ತೆ ತೆರೆದಿದ್ದೀಯಾ?" ಎಂದು ದರ್ಜಿಗೂ ಕೇಳುವ ಹಾಗೆ ಕೇಳಿದರು. ನಾನು ನಕ್ಕೆ. ಅವರು ನಗಲಿಲ್ಲ. "ಎಲ್ಲಿಂದ ಬರ್ತಿದೆ ಅಂತ ಸರಿಯಾಗಿ ನೋಡ್ಕೊಂಡ್ಯಾ? ನಾಳೆ ಡಾಕ್ಟರ್ ಹತ್ರ ಹೋಗು," ಎಂದರು. ಹಡಗೊಂದು ಬಂದು ನಿಂತಿದೆ, ಅದು ಹೊರಟ ಮೇಲೆ ಹೋಗುತ್ತೇನೆ ಎಂದೆ. ನಮ್ಮ ಬಂದರಿನಲ್ಲಿ ಒಂದು ಹಡಗು ಹೊರಟರೆ ಇನ್ನೊಂದು ಬಾಗಿಲಲ್ಲೇ ಕಾಯುತ್ತಿರುತ್ತದೆ. ನಾನು ಹೋಗಲಿಲ್ಲ.

ನನ್ನ ಕ್ರೇನು ನಿಮಗೆ ಗೊತ್ತೇ ಇದೆ. ಅದರ ಲಿಫ್ಟು ಕೆಟ್ಟು ಮಲಗಿದ್ದು ಕಳೆದ ಬೇಸಿಗೆಯಲ್ಲಿ. ಬೆಳಿಗ್ಗೆ ಏಣಿ ಹತ್ತಿ ಆ ಗಾಜಿನ ಗೂಡಿನಲ್ಲಿ ಕೂತರೆ ಊಟದ ಹೊತ್ತಿಗೇ ಇಳಿಯುವುದು. ನಡುವೆ ಇಳಿಯಬೇಕೆಂದರೆ ಏಣಿ, ಆಮೇಲೆ ಲಾರಿಗಳ ಸಾಲು ದಾಟಿ ಕ್ಯಾಂಟೀನಿನವರೆಗೆ ನಡಿಗೆ, ಮತ್ತೆ ವಾಪಸು. ಅಷ್ಟರಲ್ಲಿ ಕೆಳಗೆ ಲಾರಿಯವರು ಹಾರ್ನಿನಲ್ಲೇ ನನ್ನ ವಂಶವನ್ನೆಲ್ಲ ಜಾಲಾಡಿರುತ್ತಾರೆ. ಗಂಡಸರಾದರೆ ಹೇಗೋ ಒಂದು ಉಪಾಯ ಮಾಡಿಕೊಳ್ಳುತ್ತಾರೆ. ನಾನು ಮಾಡಿಕೊಂಡ ಉಪಾಯವೆಂದರೆ ನೀರು ಕುಡಿಯದಿರುವುದು. ಬಿಸಿಲಿಗೆ ಗೂಡು ಕಾದು ಬೆವರು ಇಳಿಯುತ್ತಿದ್ದರೂ ಒಂದೆರಡು ಗುಟುಕಿನಲ್ಲೇ ಬಾಟಲಿ ಮುಚ್ಚಿಡುತ್ತಿದ್ದೆ.

ಆಮೇಲೆ ಒಂದು ಮಂಗಳವಾರ ಆಯಿತು ನೋಡಿ. ಕಂಟೇನರೊಂದನ್ನು ಹಡಗಿನಿಂದ ಎತ್ತಿ ದಡದ ಕಡೆಗೆ ತರುತ್ತಿದ್ದೆ. ಅರ್ಧ ದಾರಿಯಲ್ಲಿ ಬಲಗಡೆ ಪಕ್ಕೆಯ ಕೆಳಗೆ ಯಾರೋ ಗರಗಸ ಇಟ್ಟು ಎಳೆದ ಹಾಗಾಯಿತು. ಹೆರಿಗೆ ನೋವೆಂದರೆ ಹೀಗಿರುತ್ತದೆಯೋ ಏನೋ, ನಮಗೆ ಆ ಭಾಗ್ಯ ಇರಲಿಲ್ಲ, ಆದರೆ ಕಣ್ಣು ಕತ್ತಲೆಯಾಗಿ ಬಾಯಿಗೆ ಹುಳಿನೀರು ಬಂತು. ಕೈ ಹಿಡಿಕೆಯ ಮೇಲೆ, ಕಂಟೇನರು ಗಾಳಿಯಲ್ಲಿ, ಕೆಳಗೆ ಜನ. ಸಿಗ್ನಲ್ ಕೊಡುವ ಸೀಟಿ ಅಣ್ಣ ವಾಕಿಟಾಕಿಯಲ್ಲಿ, "ಹಕ್ಕೀ, ಯಾಕಮ್ಮ ನಿಂತೆ? ನಿದ್ದೆ ಬಂತಾ?" ಎಂದ. "ಅಣ್ಣ, ಕೆಳಗಿರೋರನ್ನೆಲ್ಲ ದೂರ ಕಳಿಸು. ಲಾರೀನೂ ತೆಗೆಸು. ನೆಲಕ್ಕೇ ಇಳಿಸ್ತೀನಿ," ಎಂದೆ. ನನ್ನ ದನಿ ಕೇಳಿ ಅವನು ಮತ್ತೊಂದು ಪ್ರಶ್ನೆ ಕೇಳಲಿಲ್ಲ. ಎಲ್ಲರನ್ನೂ ಓಡಿಸಿ, "ಖಾಲಿ ಇದೆ, ನಿಧಾನಕ್ಕೆ ಬಿಡು, ಇನ್ನೂ ಬಿಡು, ಇನ್ನೂ," ಎಂದು ಮಗುವಿಗೆ ನಡಿಗೆ ಕಲಿಸುವ ಹಾಗೆ ಹೇಳುತ್ತಾ ಹೋದ. ಹಲ್ಲು ಕಚ್ಚಿಕೊಂಡು ಇಳಿಸಿದೆ. ಕಂಟೇನರು ನೆಲ ಮುಟ್ಟಿದ ಸದ್ದು ಕೇಳಿದ ಮೇಲೆಯೇ ನಾನು ಅಳಲು ಶುರು ಮಾಡಿದ್ದು. ಅಲ್ಲಿಯವರೆಗೆ ಅಳುವುದಕ್ಕೂ ಹೆದರಿಕೆಯಾಗಿತ್ತು ಕಣ್ರೀ.

ಏಣಿ ಇಳಿಯುವುದು ಹೇಗೆ? ಸೀಟಿ ಅಣ್ಣನೇ ಹತ್ತಿ ಬಂದ. ಅವನ ಹೊಟ್ಟೆ ನೀವು ನೋಡಿದ್ದೀರಿ. ಆ ಹೊಟ್ಟೆ ಹೊತ್ತು ಅಷ್ಟೆತ್ತರ ಬಂದು ಒಂದು ನಿಮಿಷ ಅವನೇ ಏದುಸಿರು ಬಿಡುತ್ತಾ ಕೂತ. ಆಮೇಲೆ ನನ್ನ ಸೊಂಟದ ಸುರಕ್ಷತಾ ಬೆಲ್ಟನ್ನು ಏಣಿಯ ಪಕ್ಕದ ತಂತಿಗೆ ಸಿಕ್ಕಿಸಿ, ತಾನು ಒಂದು ಮೆಟ್ಟಿಲು ಕೆಳಗೆ ನಿಂತು, "ನಿನ್ನ ಕೆಳಗೇ ಇದ್ದೀನಮ್ಮ. ಬಿದ್ರೆ ನನ್ನ ಮೇಲೆ ಬೀಳ್ತೀಯ. ನಾನು ಮೆತ್ತಗಿದ್ದೀನಿ, ಹೆದರಬೇಡ," ಎಂದ. ಆ ನೋವಿನಲ್ಲೂ ನಗು ಬಂತು. ನಗಬೇಡ, ಏಣಿ ಅಲ್ಲಾಡುತ್ತೆ ಎಂದು ಬೈದ. ನೀವು ಬಂದಾಗ ಅವನನ್ನು ಮನೆಗೆ ಕರೆದು ನಿಮ್ಮ ಕೈಯಾರೆ ಊಟ ಹಾಕಬೇಕು. ಅತ್ತೆ ಆಗಲೇ ಮಾತು ಕೊಟ್ಟುಬಿಟ್ಟಿದ್ದಾರೆ.

ಆಸ್ಪತ್ರೆಯಲ್ಲಿ ಇಂಜೆಕ್ಷನ್ ಕೊಟ್ಟರು, ಪ್ರಾಣ ವಾಪಸು ಬಂತು. ಸ್ಕ್ಯಾನಿಂಗ್ ಮಾಡಿದರು. ಬಲಗಡೆಯ ಕಿಡ್ನಿಯಿಂದ ಜಾರಿದ ಕಲ್ಲೊಂದು ಕೆಳಗಿಳಿಯುವ ನಾಳದಲ್ಲಿ ಸಿಕ್ಕಿಕೊಂಡಿತ್ತು. ಡಾಕ್ಟರಮ್ಮನಿಗೆ ಮೂವತ್ತು ದಾಟಿರಲಾರದು, ಆದರೆ ಮಾತು ತೂಕದ್ದು. ಕಲ್ಲು ಒಳಗೆ ಉಜ್ಜಿ ಗೀರುವುದರಿಂದ ಉಚ್ಚೆಯಲ್ಲಿ ರಕ್ತ ಬರಬಹುದು, ನೀರು ಕಡಿಮೆ ಕುಡಿದರೆ ಕಲ್ಲು ಕಟ್ಟುವುದಕ್ಕೆ ದಾರಿಯಾಗುತ್ತದೆ ಎಂದು ಚಿತ್ರ ಬರೆದು ತೋರಿಸಿದಳು. ಪಕ್ಕದಲ್ಲಿದ್ದ ಅತ್ತೆಗೆ ಕೇಳಿಸಿದ್ದು ಅರ್ಧ. "ಕಲ್ಲಾ? ಅಕ್ಕಿ ಸರಿಯಾಗೇ ಆರಿಸ್ತೀನಲ್ಲಮ್ಮ ನಾನು!" ಎಂದುಬಿಟ್ಟರು. ಪಾಪ, ತಪ್ಪು ತಮ್ಮ ಮೇಲೆ ಬರುತ್ತದೆಂದು ಹೆದರಿದ್ದರು. ಡಾಕ್ಟರಮ್ಮ ನಗುತ್ತಾ ಅವರ ಕಿವಿಯ ಹತ್ತಿರ ಬಾಗಿ, "ಊಟದಲ್ಲಿ ಸಿಕ್ಕಿದ ಕಲ್ಲಲ್ಲ ಅಜ್ಜಿ, ಒಳಗೇ ಕಟ್ಟಿದ್ದು," ಎಂದಾಗ ಅವರ ಮುಖ ಅರಳಿತು.

ಕಲ್ಲು ಚಿಕ್ಕದು, ತಾನಾಗಿಯೇ ಹೋಗಬಹುದು, ಮಾತ್ರೆ ನುಂಗಿ ನೀರು ಕುಡಿಯಿರಿ, ಉಚ್ಚೆಯನ್ನು ಸೋಸಿ ಕಲ್ಲು ಹಿಡಿಯಿರಿ, ಜ್ವರ ಬಂದರೆ ತಕ್ಷಣ ಓಡಿ ಬನ್ನಿ ಎಂದು ಹೇಳಿ ಮನೆಗೆ ಕಳಿಸಿದರು. ಸೋಸುವುದಕ್ಕೆ ನಾನು ಟೀ ಜರಡಿಗೆ ಕೈ ಹಾಕಿದ್ದೇ ತಡ, ನಿಮ್ಮ ಅಮ್ಮ ಮಂಡಿನೋವನ್ನೂ ಮರೆತು ಎದ್ದು ಬಂದು ಕಿತ್ತುಕೊಂಡರು. ದರ್ಜಿಯ ಹೆಂಡತಿಯಿಂದ ಹೊಸ ಜರಡಿ ತರಿಸಿ, ಅದರ ಹಿಡಿಗೆ ಕಪ್ಪು ದಾರ ಕಟ್ಟಿ ಬಚ್ಚಲಲ್ಲಿ ನೇತುಹಾಕಿದರು. ಆಮೇಲಿನ ದಿನಗಳನ್ನು ಏನು ಹೇಳಲಿ! ಬಾಗಿಲ ಹೊರಗೆ ನಿಂತು, "ಬಿತ್ತಾ? ಬಿತ್ತೇನೇ?" ಎಂದು ಕೂಗುವುದು, ನಾನು ಒಳಗಿನಿಂದ "ಇಲ್ಲಾ ಅತ್ತೆ" ಎಂದು ಕೂಗುವುದು. ಮೆಟ್ಟಿಲಲ್ಲಿ ಸಿಕ್ಕಿದ ದರ್ಜಿ ಕೂಡ ಒಂದು ದಿನ ನೆಲ ನೋಡುತ್ತಾ, "ಅಕ್ಕಾ... ಬಿತ್ತಾ?" ಎಂದು ವಿಚಾರಿಸಿದ. ಕೊನೆಗೆ ಒಂದು ಬೆಳಿಗ್ಗೆ ಟಣ್ ಎಂದಿತು. ಹೆಸರುಕಾಳಿಗಿಂತ ಚಿಕ್ಕದು, ಕಂದು ಬಣ್ಣ, ಮೈಯೆಲ್ಲ ಮುಳ್ಳು. ಅತ್ತೆ ಕನ್ನಡಕ ಏರಿಸಿ ನೋಡಿ, "ಇಷ್ಟಕ್ಕಾ ಅಷ್ಟು ಒದ್ದಾಡಿದ್ದು?" ಎಂದರು. ಅಷ್ಟು ಹೇಳಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡರು. ನನ್ನ ತಲೆ ಸವರಿದರು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರು ಹಾಗೆ ತಲೆ ಸವರಿದ್ದು ನನಗೆ ನೆನಪಿಲ್ಲ.

ಬಂದರಿನಲ್ಲೂ ಒಂದು ಒಳ್ಳೆಯದಾಯಿತು. ಸೀಟಿ ಅಣ್ಣ ಮತ್ತು ಉಳಿದ ಕ್ರೇನಿನವರು ಸೇರಿ, ಲಿಫ್ಟು ಸರಿಯಾಗುವವರೆಗೆ ಯಾರೂ ಏಣಿ ಹತ್ತುವುದಿಲ್ಲವೆಂದು ಒಂದು ಬೆಳಿಗ್ಗೆ ಕೆಳಗೇ ಕೂತರಂತೆ. ಸೂಪರ್‌ವೈಸರ್ ಮೊದಲು ಗದರಿದ, ಆಮೇಲೆ ಹೊರಗೆ ಕಾಯುತ್ತಿದ್ದ ಹಡಗುಗಳನ್ನು ನೋಡಿ ಮೆತ್ತಗಾದ. ಈಗ ಲಿಫ್ಟು ಓಡುತ್ತಿದೆ. ಕ್ರೇನಿನ ಬುಡದಲ್ಲೇ ನೀಲಿ ಬಣ್ಣದ ಶೌಚಾಲಯವೊಂದು ಬಂದಿದೆ, ಒಳಗಿನಿಂದ ಚಿಲಕವೂ ಇದೆ. ನಾನು ಮುಂದಿನ ವಾರ ಕೆಲಸಕ್ಕೆ ಮರಳುತ್ತೇನೆ. ಎರಡು ಬಾಟಲಿ ನೀರು ತೆಗೆದುಕೊಂಡು ಹೋಗುತ್ತೇನೆ, ಕುಡಿದು ಖಾಲಿ ಮಾಡಿಯೇ ತರುತ್ತೇನೆ. ನೀವೂ ಒಲೆಯ ಬಿಸಿಗೆ ಬೆವರುವವರು. ಎಲ್ಲರಿಗೂ ಬಡಿಸಿ ಕೊನೆಗೆ ಕುಡಿಯುತ್ತೇನೆ ಎನ್ನಬೇಡಿ, ನಡುನಡುವೆ ಕುಡಿಯುತ್ತಿರಿ.

ಅತ್ತೆ ನಿಮಗೆ ಆಶೀರ್ವಾದ ತಿಳಿಸಲು ಹೇಳಿದ್ದಾರೆ, ಜೊತೆಗೆ ಗಡ್ಡ ಬೋಳಿಸಿಕೊಂಡು ಫೋಟೋ ಕಳಿಸಬೇಕಂತೆ. ದರ್ಜಿ ದಂಪತಿಗಳ ನಮಸ್ಕಾರ. ಸೀಟಿ ಅಣ್ಣ ಊಟ ಯಾವಾಗ ಎಂದಷ್ಟೇ ಕೇಳಿದ. ಮೈ ಜೋಪಾನ, ಕೈ ಜೋಪಾನ.

ನಿಮ್ಮವಳೇ ಆದ,
ಹಕ್ಕಿ

ತಾ.ಕ.: ನಿಂತು ಓದುತ್ತಿದ್ದರೆ ಕೂತುಕೊಳ್ಳಿ. ಒಲೆಯ ಮೇಲೆ ಏನಾದರೂ ಇದ್ದರೆ ಇಳಿಸಿ. ಇದನ್ನು ಬರೆಯಲೆಂದೇ ಬೆಳಿಗ್ಗೆಯಿಂದ ಕೂತವಳು ಕಲ್ಲಿನ ಕಥೆಯಲ್ಲೇ ಕಾಗದ ಮುಗಿಸಿದೆ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದ್ದಳು: "ನೋವು ಬರೋದಕ್ಕೂ ಮುಂಚೆ, ನೋವೇ ಇಲ್ಲದೆ ರಕ್ತ ಹೋಗಿದೆ ಅಂತೀರಿ. ಎಲ್ಲಾನೂ ಕಲ್ಲಿನ ಮೇಲೇ ಹಾಕೋದು ಬೇಡ. ಕಲ್ಲು ಹೋದ್ಮೇಲೆ ಮತ್ತೆ ಬನ್ನಿ." ಹೋದೆ. ಕಣ್ಣಿಗೆ ತಿಳಿಯಾಗಿ ಕಂಡ ನೀರಿನಲ್ಲಿ, ಪರೀಕ್ಷೆ ಮಾಡಿದರೆ ಇನ್ನೂ ರಕ್ತ ಇತ್ತು. ಸಣ್ಣ ಕೊಳವೆ ಹಾಕಿ ಮೂತ್ರಕೋಶದ ಒಳಗೆ ನೋಡಿದರು. ಅಲ್ಲಿ ಒಂದು ಗಡ್ಡೆ, ಮೆಣಸಿನ ಕಾಳಿನಷ್ಟು. ಈ ತಿಂಗಳ ಮೊದಲ ವಾರ ಅದನ್ನು ಪೂರ್ತಿ ತೆಗೆದರು. ಶುಕ್ರವಾರ ವರದಿ ಬಂತು. ಕ್ಯಾನ್ಸರೇ, ಆದರೆ ತೀರ ಮೊದಲ ಹಂತದ್ದು, ಒಳಕ್ಕೆ ಇಳಿದಿಲ್ಲ, ಸದ್ಯಕ್ಕೆ ಬೇರೆ ಚಿಕಿತ್ಸೆ ಬೇಡ. ಕಲ್ಲು ನೋವು ಕೊಡದಿದ್ದರೆ ನಾನು ಇನ್ನೂ ಆ ಗೂಡಿನಲ್ಲೇ ಕೂತಿರುತ್ತಿದ್ದೆ. ಇಂಥದ್ದು ಮತ್ತೆ ಹುಟ್ಟಿಕೊಳ್ಳುವುದೂ ಉಂಟಂತೆ, ಅದಕ್ಕೇ ಜೂನ್‌ನಲ್ಲಿ ಮತ್ತೊಮ್ಮೆ ಒಳಗೆ ನೋಡುತ್ತಾರೆ. ಅತ್ತೆಗೆ ಎಲ್ಲ ಗೊತ್ತು, ಆಪರೇಷನ್ ಮುಗಿಯುವವರೆಗೆ ಹೊರಗಿನ ಬೆಂಚು ಬಿಟ್ಟು ಏಳಲಿಲ್ಲ. ನಾನು ಚೆನ್ನಾಗಿದ್ದೇನೆ, ಆಣೆಗೂ ಚೆನ್ನಾಗಿದ್ದೇನೆ. ಆದರೆ ಕ್ಯಾಪ್ಟನ್ ಇನ್ನೊಂದು ಸುತ್ತು ಇರಿ ಎನ್ನುತ್ತಿದ್ದಾರೆ, ಏನು ಹೇಳಲಿ ಎಂದು ಕೇಳಿದ್ದಿರಲ್ಲ, ಅದಕ್ಕೆ ನನ್ನ ಉತ್ತರ ಇದು: ಹೊಸ ಕರಾರಿಗೆ ಸಹಿ ಹಾಕಬೇಡಿ. ಆ ಬೆಂಚಿನ ಮೇಲೆ ಈ ಸಲ ನೀವು ಕೂತಿರಬೇಕು. ಬನ್ನಿ.