ರೋಶನ್‌ನ ಮೊಣಕಾಲಿಗೆ ಹಚ್ಚಿದ ದೀಪ

ಅಮೋಲನ ಅಜ್ಜಾರಿಗೆ,

ನಿಮ್ಮ ಮೊಮ್ಮಗನೂ ನಿಮ್ಮಂತೆ ಬದಲಿಯೇ ಆದ ನೋಡಿ. ಅಮೆರಿಕನ್ ಫುಟ್‌ಬಾಲಿನಲ್ಲಿ ಚೆಂಡು ಎಸೆಯುವವನ ಮೇಲೆ ಗೂಳಿಯಂಥ ಗಂಡಸರು ಬೀಳುತ್ತಾರೆ. ಇವರ ತಂಡದಲ್ಲಿ ಎಸೆಯುವವನು ರೋಶನ್, ಅವನಿಗೆ ಪೆಟ್ಟಾದರೆ ಮಾತ್ರ ನಮ್ಮ ಅಮೋಲ್. ಮೂರು ವರ್ಷ ಬೆಂಚಿನ ಮೇಲೆ ಕೂತೇ ಪಗಾರ ತಂದ. ಪ್ರತಿ ಪಂದ್ಯಕ್ಕೂ ನಾನು ದೀಪ ಹಚ್ಚುತ್ತಿದ್ದೆ, ರೋಶನ್‌ನ ಮೊಣಕಾಲು ಗಟ್ಟಿ ಇರಲಿ ಎಂದು.

ನಿನ್ನೆ ಅಂಧೇರಿಯ ಮೈದಾನದಲ್ಲಿ, ನಾನು ಅಂಚಿನಲ್ಲಿ ಕೂತು ನೋಡುತ್ತಿದ್ದಾಗಲೇ, ರೋಶನ್ ಮೊಣಕಾಲು ಹಿಡಿದು ಬಿದ್ದ. ಅಮೋಲ್ ಹೆಲ್ಮೆಟ್ ಹಿಡಿದು ನನ್ನ ಹತ್ತಿರ ಓಡಿಬಂದ.

"ಅಜ್ಜಿ, ನನ್ನ ನಂಬರ್ ಬಂತು! ಹೋಗ್ಲೇನ?"

ನೀವು ಮಿಲ್ಲಿನ ಗೇಟಿನಲ್ಲಿ ದಿನಾ ಯಾರಾದರೂ ಗೈರಾಗಲಿ ಎಂದು ಕಾಯುತ್ತಿದ್ದಿರಿ. ಒಂದು ದಿನ ಜ್ವರ ಎಂದು ಮಲಗಿದ್ದ ನಿಮ್ಮನ್ನು ನಾನೇ ಎಬ್ಬಿಸಿದ್ದೆ. "ಏಳ್ರಿ, ಮಲಗಿದರ ಯಾರು ಕರೀತಾರ ಬದ್ಲಿಯವನ್ನ?" ಅವತ್ತೇ ನಿಮಗೆ ಮಶೀನಿನ ಮೇಲೆ ಕೆಲಸ ಸಿಕ್ಕಿತು. ಸಂಜೆ ನಿಮ್ಮ ಊಟದ ಡಬ್ಬಿಯೊಂದೇ ಮನೆಗೆ ಬಂತು.

ಅಮೋಲನಿಗೆ ನಾನೇ ಹೆಲ್ಮೆಟ್ ತೊಡಿಸಿ ಪಟ್ಟಿ ಬಿಗಿದೆ. ಆಡಿ, ಮರಳಿ ಬಂದ.

ಬರುವ ರವಿವಾರದ ಪಂದ್ಯದಲ್ಲಿ ಶುರುವಿನಿಂದಲೇ ಅವನು ಆಡುತ್ತಾನಂತೆ. ಬೆಂಚಿನ ಮೇಲೆ ಹೊಸ ಬದಲಿಯವನು ಕೂರುತ್ತಾನೆ. ಅವನಿಗೂ ನನ್ನಂಥ ಅಂಜುಬುರುಕ ಅಜ್ಜಿಯೊಬ್ಬಳು ಇರಲಿ, ಅಮೋಲನ ಮೊಣಕಾಲಿಗೆ ದೀಪ ಹಚ್ಚಲಿ.

ಕಾಶವ್ವ